ಕೂಸು ಕೇಳಿದ ಮೇಲೇ ಪಸ್ಕದ ಊಟ

ನಮ್ಮ ಗಡಹಿಂಗ್ಲಜದ ಮನೆಗೆ ಮೂರೇ ಕೋಣೆ. ಮೂರೂ ಒಂದರ ಬೆನ್ನಿಗೆ ಒಂದು ಇದ್ದುದರಿಂದ ಬೀದಿಬಾಗಿಲಲ್ಲಿ ನಿಂತು ಇಣುಕಿದರೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ತನಕ ಎಲ್ಲವೂ ಕಾಣುತ್ತಿತ್ತು. ಮುಂದಿನ ಕೋಣೆ ಅಪ್ಪನ ಹೊಲಿಗೆ ಅಂಗಡಿ. ಕಾಲಿನಿಂದ ತುಳಿಯುವ ಮಷಿನ್ನು, ಬಟ್ಟೆ ಕತ್ತರಿಸುವ ಅಗಲವಾದ ಮೇಜು, ಗೋಡೆಯ ಮೊಳೆಗಳಲ್ಲಿ ತೋಳಿಲ್ಲದೆ ತೂಗುವ ಅಂಗಿಗಳು. ನಡುವಿನ ಕೋಣೆಯಲ್ಲಿ ನಾವು ಐದು ಮಂದಿ ಮಲಗುತ್ತಿದ್ದೆವು, ಉಣ್ಣುತ್ತಿದ್ದೆವು, ಪ್ರಾರ್ಥನೆ ಮಾಡುತ್ತಿದ್ದೆವು, ಜಗಳವನ್ನೂ ಅಲ್ಲೇ ಆಡುತ್ತಿದ್ದೆವು. ಹಿಂದಿನದು ಅಡುಗೆಮನೆ. ಅಲ್ಲಿ ಒಲೆ ಅವ್ವನದು, ಒಲೆಯ ಪಕ್ಕದ ಮಣೆ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ. ಆ ಮಣೆಯ ಮೇಲೆ ಕೂತು ಆಯಿ ಇಡೀ ಮನೆಯ ಮೇಲೆ ಟೀಕೆ ಮಾಡುತ್ತಿದ್ದಳು. ಮೊಮ್ಮಕ್ಕಳೇ, ನೀವು ಇಚಲಕರಂಜಿಯಲ್ಲಿ, ಅಲ್ಲಿಯ ಶಹಾಪುರ ಪೇಟೆಯ ಮಗ್ಗಗಳ ಸಪ್ಪಳದೊಳಗೆ ಹುಟ್ಟಿದವರು. ಆ ಮೂರು ಕೋಣೆಗಳನ್ನು ನೀವು ನೋಡಿಲ್ಲ. ಬಾಯಿಂದ ಹೇಳೋಣವೆಂದರೆ, ನೀವು ನಾಲ್ಕೂ ಮಂದಿ ಒಟ್ಟಿಗೆ ನನ್ನ ಮುಖ ನೋಡಿದರೆ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದಲು ಬರುವುದು ನಿಮ್ಮಲ್ಲಿ ದೊಡ್ಡವಳಿಗೆ ಮಾತ್ರ. ಉಳಿದವರಿಗೆ ಅವಳೇ ಓದಿ ಹೇಳಲಿ.

ಊರಿನಲ್ಲಿ ಯಾರ ಮನೆಯಲ್ಲೂ ಇಲ್ಲದ ಹಬ್ಬಗಳು ನಮ್ಮ ಮನೆಯಲ್ಲಿದ್ದವು. ಲಿಂಗಾಯತರ ಓಣಿಯಲ್ಲಿ ಬಸವ ಜಯಂತಿ, ಜೈನರ ಓಣಿಯಲ್ಲಿ ಮಹಾವೀರ ಜಯಂತಿ, ನಮ್ಮ ಕ್ರೈಸ್ತ ಸಭೆಯವರಿಗೆ ಕ್ರಿಸ್ತಜಯಂತಿ ಮತ್ತು ಈಸ್ಟರ್. ನಮ್ಮ ಮನೆಗೆ ಮಾತ್ರ ಇವಲ್ಲದೆ ಯೆಹೂದ್ಯರ ಹಬ್ಬಗಳೂ ಇದ್ದವು. ಅಪ್ಪ ಲಗ್ನಕ್ಕೆ ಮೊದಲು ಪುಣೆಯಲ್ಲಿ ಹೊಲಿಗೆ ಕಲಿಯಲು ಹೋಗಿದ್ದ. ಅಲ್ಲಿ ಸಾರಾಬಾಯಿ ಎಂಬವರ ಮನೆಯ ಪಡಸಾಲೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದ. ಅವರು ಕೊಂಕಣದಿಂದ ಬಂದ ಯೆಹೂದ್ಯರು. ಮಾತು ಶುದ್ಧ ಮರಾಠಿ, ಉಡುವುದು ನಮ್ಮಂತೆಯೇ ಸೀರೆ, ಆದರೆ ಶನಿವಾರ ಒಲೆ ಹೊತ್ತಿಸುತ್ತಿರಲಿಲ್ಲ. ಪಸ್ಕಹಬ್ಬ ಬಂದರೆ ಸಾರಾಬಾಯಿ ಮನೆಯಲ್ಲಿ ಹುದುಗು ಬಂದ ಪ್ರತಿಯೊಂದು ಗಡಿಗೆಯ ಬಾಯಿಗೂ ಬಟ್ಟೆ ಕಟ್ಟುತ್ತಿದ್ದರಂತೆ. ಬಾಗಿಲಿಗೆ ಕೆಂಪು ಕೈಯ ಗುರುತು ಇರುತ್ತಿತ್ತಂತೆ. ಪರದೇಶಿಯಾದ ಅಪ್ಪನನ್ನು ಹೊರಗೆ ಬಿಡದೆ ತಮ್ಮ ಸಾಲಿನಲ್ಲೇ ಕೂಡಿಸಿ ಉಣ್ಣಿಸಿದರಂತೆ. ಐಗುಪ್ತದ, ಅಂದರೆ ಈಜಿಪ್ಟಿನ, ದಾಸತ್ವದಿಂದ ತಮ್ಮ ಜನ ಹೊರಟುಬಂದ ಕಥೆಯನ್ನು ಮನೆಯ ಯಜಮಾನ ಹೇಳುವಾಗ, ಸಾವು ಮನೆಯನ್ನು ದಾಟಿಹೋಗಲೆಂದು ಬಾಗಿಲಿಗೆ ಹಚ್ಚಿದ ಕುರಿಮರಿಯ ರಕ್ತ, ಮುರಿಯದ ಎಲುಬು, ಮುರಿದು ಹಂಚಿದ ರೊಟ್ಟಿ ಒಂದೊಂದೇ ಬಂದಹಾಗೆ, ಅಪ್ಪನಿಗೆ ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತಂತೆ. ಇದೆಲ್ಲ ನಮ್ಮ ಸ್ವಾಮಿಯ ಕಥೆಯಲ್ಲವೇ ಎಂದು ಅವನಿಗೆ ಅನ್ನಿಸಿತು. ಊರಿಗೆ ಬರುವಾಗ ಅಪ್ಪ ಪುಣೆಯಿಂದ ತಂದದ್ದು ಒಂದು ಕತ್ತರಿ ಮತ್ತು ಆ ಹಬ್ಬಗಳು.

ಯಾರಾದರೂ ಇದೇನೆಂದು ಕೇಳಿದರೆ ಅಪ್ಪ ಮಷಿನ್ನಿನ ಗಾಲಿಗೆ ಕೈಯಿಟ್ಟು ನಿಲ್ಲಿಸಿ ಹೇಳುತ್ತಿದ್ದ:

“ಹಳೇ ಒಡಂಬಡಿಕಿ ಅಳತಿ ಇದ್ದಂಗ, ಹೊಸಾದು ಅಂಗಿ ಇದ್ದಂಗ. ಅಳತಿ ತಗೊಂಡಾಂವ ದೇವರು, ಆ ಅಂಗಿ ತೊಟ್ಟಾಂವ ಯೇಸುಸ್ವಾಮಿ. ಅಳತಿ ಚೀಟಿ ಹರದ ಒಗದ್ರ, ಅಂಗಿ ಯಾರ ಮೈಯಿಂದು ಅಂತ ಹೆಂಗ ಗೊತ್ತಾಗಬೇಕ್ರಿ?”

ಅದರ ಜೊತೆಗೆ ಇನ್ನೊಂದು ಮಾತನ್ನೂ ತಪ್ಪದೆ ಸೇರಿಸುತ್ತಿದ್ದ: “ಹಬ್ಬ ಅವರದು. ನಾವು ಅವರ ಮನ್ಯಾಗ ಉಂಡು ಬಂದಾವರು. ಉಂಡ ಮನೀನ ಮರೀಬಾರದು.”

ಹೀಗೆ ನಮ್ಮ ವರ್ಷ ಸಾಗುತ್ತಿತ್ತು. ಈಸ್ಟರಿನ ದಿನ ಅಪ್ಪ ಗಿರಾಕಿಯೊಬ್ಬರ ಹೊಲದಿಂದ ಗೋದಿಯ ಒಂದು ಸಿವುಡು ತಂದು ನಡುಕೋಣೆಯಲ್ಲಿ ಎತ್ತಿ ಆಡಿಸುತ್ತಿದ್ದ. ಅದು ಪ್ರಥಮಫಲ. ಸತ್ತವರೊಳಗಿಂದ ಮೊದಲು ಎದ್ದುಬಂದವನ ಗುರುತು. ಅಲ್ಲಿಂದ ಐವತ್ತು ದಿನ ಎಣಿಸಿದರೆ ಪವಿತ್ರಾತ್ಮನ ಹಬ್ಬ. ಆ ಎಣಿಕೆ ನನ್ನದು. ದಿನಕ್ಕೊಂದು ಹುಣಸೆಬೀಜ ಡಬ್ಬಿಗೆ ಹಾಕುತ್ತಿದ್ದೆ. ದಸರೆ ಮುಗಿದ ಮೇಲೆ ಹಿತ್ತಲಲ್ಲಿ ಕಬ್ಬಿನ ಗರಿಯ ಪರ್ಣಶಾಲೆ ಏಳುತ್ತಿತ್ತು. ಏಳು ದಿನ ಅದರೊಳಗೇ ಊಟ. ದೇವರ ಮಗ ನಮ್ಮ ನಡುವೆ ಗುಡಿಸಲು ಹಾಕಿ ವಾಸಮಾಡಿದ ಎಂದು ಅಪ್ಪ ಹೇಳಿದರೆ ಆಯಿ ಮೈ ತುರಿಸಿಕೊಳ್ಳುತ್ತಾ, “ಹಂಗಾದ್ರ ಅವನಿಗೂ ಈ ಗರಿ ಕಡಿದಿರಬೇಕಪಾ, ಪಾಪ” ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಅಪ್ಪ ನಗುತ್ತಿರಲಿಲ್ಲ. “ಹೌದವಾ, ಖರೇನ ಕಡದಿರಬೇಕು” ಎಂದು ಗಂಭೀರವಾಗಿ ಒಪ್ಪುತ್ತಿದ್ದ.

ಎಲ್ಲಕ್ಕಿಂತ ದೊಡ್ಡದು ಪಸ್ಕದ ಊಟ. ಅದನ್ನು ಶುಭ ಶುಕ್ರವಾರದ ಹಿಂದಿನ ದಿನ ಸಂಜೆ, ಯೇಸುಸ್ವಾಮಿ ಶಿಷ್ಯರ ಜೊತೆ ಕಡೆಯ ಸಲ ಅದೇ ಊಟಕ್ಕೆ ಕೂತ ಹೊತ್ತಿಗೆ, ಮಾಡುತ್ತಿದ್ದೆವು. ಆ ವಾರ ಮನೆಗೆ ಹುದುಗು ಹಾಕಿದ ಬೇಕರಿಯ ಪಾವು, ಖಾರಿ ಬಿಸ್ಕೀಟು ಬರುವಂತಿಲ್ಲ. ಅಣ್ಣ ದಾನಿಯೇಲನಿಗೆ ಅದೇ ದೊಡ್ಡ ಉಪವಾಸ. ಒಂದು ವರ್ಷ ಅವನ ಚಡ್ಡಿಯ ಕಿಸೆಯಲ್ಲಿ ಖಾರಿಯ ಪುಡಿ ಸಿಕ್ಕಿ, ಅವ್ವ ಆ ಚಡ್ಡಿಯನ್ನೇ ಹಿತ್ತಲಿಗೆ ಎಸೆದಿದ್ದಳು. ಜೋಳದ ರೊಟ್ಟಿಗೆ ಹೇಗೂ ಹುದುಗು ಹಾಕುವುದಿಲ್ಲವಾದ್ದರಿಂದ, “ನಮ್ಮ ಮನ್ಯಾಗ ದಿನಾ ಪಸ್ಕನ ಐತಿ” ಎಂದು ಆಯಿ ಬಡಾಯಿ ಕೊಚ್ಚುತ್ತಿದ್ದಳು. ಅಂಬಲಿಯ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟುವುದು ಅವಳ ಕೆಲಸ. ಕಹಿಗೆ ಬೇವಿನ ಚಿಗುರು. ದ್ರಾಕ್ಷಾರಸದ ಬದಲು ಸಾರಾಬಾಯಿಯವರ ಪದ್ಧತಿಯಂತೆ ಒಣದ್ರಾಕ್ಷಿ ನೆನೆಹಾಕಿ ಕಿವುಚಿದ ಶರಬತ್ತು. ಮಾಂಸದ ಅಂಗಡಿಯಲ್ಲಿ ಮಾತ್ರ ಪ್ರತಿ ವರ್ಷ ಒಂದು ನಾಟಕ. ಎಲುಬಿನ ಮೇಲೆ ಕತ್ತಿ ಬೀಳಬಾರದು ಎಂದು ಅಪ್ಪ ಹೇಳುವುದು, “ಮಾಸ್ತರ, ಎಲುಬು ಕಡೀದ ಮಟನ್ ಅಂದ್ರ ಹೊಲಿಗಿ ಹಾಕದ ಪ್ಯಾಂಟು ಕೇಳಿದಂಗಾತು” ಎಂದು ಮುಲಾಣಿ ಚಾಚಾ ನಗುವುದು, ಕಡೆಗೆ ಇಡೀ ತೊಡೆಯನ್ನೇ ಕಟ್ಟಿಕೊಡುವುದು.

ಈ ಊಟಕ್ಕೊಂದು ಕಟ್ಟಳೆ ಇತ್ತು. ಎಲ್ಲರೂ ಕೂತ ಮೇಲೆ, ಮನೆಯ ಅತಿ ಸಣ್ಣ ಕೂಸು ಕೇಳಬೇಕು: “ಅಪ್ಪಾ, ಇದನ್ನ ಯಾಕ ಮಾಡತೀವಿ?” ಕೂಸು ಕೇಳಿದ ಮೇಲೇ ಅಪ್ಪ ಕಥೆ ತೆಗೆಯಬೇಕು, ಕಥೆ ಮುಗಿದ ಮೇಲೇ ಊಟ. ಆ ಜನರನ್ನು ಐಗುಪ್ತದಿಂದ ಕರೆತಂದ ಮೋಶೆಯ ಕಾಲದಿಂದ ಹಾಗೆಯೇ ನಡೆದುಬಂದಿದೆ. ಆ ಸಣ್ಣ ಕೂಸು ನಾನು. ನನಗೋ ಬಾಯಿಯೇ ಇಲ್ಲ. ಶಾಲೆಯಲ್ಲಿ ಗುರುಗಳು ಹೆಸರು ಕರೆದರೆ “ಹಾಜರ್” ಅನ್ನಲು ಆಗದೆ, ಅವರ ಎದುರೇ ಕೂತಿದ್ದರೂ ಅರ್ಧ ವರ್ಷ ಗೈರುಹಾಜರಿ ಹಾಕಿಸಿಕೊಂಡವಳು. ಹುಡುಗಿಯರು ನನ್ನನ್ನು ಮೂಗಿ ಎಂದೇ ಕರೆಯುತ್ತಿದ್ದರು. ಪಸ್ಕದ ಸಂಜೆ ನಾನು ಅಪ್ಪನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಿದ್ದೆ. ಅಪ್ಪ ದೊಡ್ಡ ದನಿಯಲ್ಲಿ, “ನಮ್ಮ ರೂತವ್ವ ಕೇಳ್ಯಾಳ, ಇದನ್ನ ಯಾಕ ಮಾಡತೀವಿ ಅಂತ” ಎಂದು ಶುರುಮಾಡುತ್ತಿದ್ದ. ಮನೆಯವರಿಗೆ ಅಷ್ಟು ಸಾಕಾಗಿತ್ತು.

ಬಾಗಿಲ ಕೈಯ ಗುರುತು ಕೂಡ ನನ್ನದೇ. ಅಪ್ಪ ರಕ್ತ ಬಳಸುತ್ತಿರಲಿಲ್ಲ. ಆ ರಕ್ತ ಶಿಲುಬೆಯ ಮೇಲೆ ಒಂದೇ ಸಲ ಸುರಿದು ಮುಗಿದಿದೆ ಎಂದು ಕೆಮ್ಮಣ್ಣು ಕಲಸಿ ಕೊಡುತ್ತಿದ್ದ. ನಾನು ಅಂಗೈ ಅದ್ದಿ ನಡುಕೋಣೆಯ ಬಾಗಿಲ ಚೌಕಟ್ಟಿಗೆ ಒತ್ತುತ್ತಿದ್ದೆ. ನನಗೆ ಒಂಬತ್ತು ವರ್ಷವಿದ್ದಾಗ, ಪಸ್ಕದ ವಾರದ ಸೋಮವಾರ, ಅಪ್ಪ ಗಿರಾಕಿಯ ಅಳತೆ ತೆಗೆಯುತ್ತಾ ತಿರುಗಿ ನೋಡದೆ “ಬಾಗಲಕ ಹಚ್ಚವ್ವ” ಅಂದ. ನಾನು ಕೆಂಪು ಕೈ ಎತ್ತಿಕೊಂಡು ನಡುಕೋಣೆ ದಾಟಿ, ಅಂಗಡಿ ದಾಟಿ, ಬೀದಿಬಾಗಿಲಿಗೆ ಹೋಗಿ ಹೊರಗಡೆ ಒತ್ತಿಬಿಟ್ಟೆ. ಯಾಕೆಂದು ನಿಮಗೆ ಈಗ ಹೇಳುತ್ತೇನೆ, ಆಗ ಯಾರಿಗೂ ಹೇಳಲಿಲ್ಲ. ನಮ್ಮ ಶಾಲೆಯ ಹುಡುಗಿಯರು ಆ ಬೀದಿಯಲ್ಲೇ ಹೋಗುತ್ತಿದ್ದರು. ಮೂಗಿಯ ಕೈಯನ್ನಾದರೂ ನೋಡಲಿ ಎಂದು ನನಗೆ ಆಸೆಯಾಗಿತ್ತು.

ಆದರೆ ಅದನ್ನು ಮೊದಲು ನೋಡಿದವರು ನೆಹೆಮೀಯ ಕಾಕಾ. ಅವರು ನಮ್ಮ ಸಭೆಯ ಹಿರಿಯರು. ನಮ್ಮ ಸಭೆಯಲ್ಲಿ ಆರಾಧನೆ ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ಎರಡರಲ್ಲೂ ಕಾಕಾ ಮುಂದೆ. ಈಸ್ಟರಿಗೆ ಹೊಲಿಯಲು ಕೊಟ್ಟ ಕೋಟು ಕೇಳಲು ಬಂದವರು ಹೊಸ್ತಿಲ ಹೊರಗೇ ನಿಂತರು.

“ದಾವೀದಪ್ಪ, ಇದೇನಿದು?”

“ಪಸ್ಕದ ಗುರುತರಿ, ಕಾಕಾ. ಕೂಸು ಹೊರಗ ಹಚ್ಚೈತಿ ನೋಡ್ರಿ.”

“ಪಸ್ಕದ ಗುರುತಂತ! ಕೆಟ್ಟ ದೃಷ್ಟಿ ಹೋಗಲಿ ಅಂತ ನಮ್ಮ ಅಜ್ಜಿ ಹಿಂಗ ಕೈ ಹಚ್ಚತಿದ್ಲು. ನಮ್ಮಪ್ಪ ಯೇಸುಸ್ವಾಮಿನ ನಂಬಿ ಆ ಕೈ ಅಳಿಸಿ, ಅಣ್ತಮ್ಮರ ಕಡೆ ಬಡಿಸಿಕೊಂಡು, ಉಟ್ಟ ಧೋತರದ ಮ್ಯಾಲೆ ಹೊರಗ ಬಂದಾನ. ನೀ ಅದನ್ನ ತಿರುಗಿ ಬಾಗಲಕ ತಂದಿ!”

“ಇಲ್ಲರಿ ಕಾಕಾ, ಇದು ಮೋಶೆಯ ಪುಸ್ತಕದಾಗ...”

“ನಾನೂ ಓದೇನಿ ಪುಸ್ತಕ. ಖರೇ ಕುರಿಮರಿ ಯೇಸುಸ್ವಾಮಿ. ಅಂವ ಬಂದು ಹೋದ, ಮುಗೀತು. ಮುಗದದ್ದನ್ನ ಮತ್ತ ಮಾಡಾಂವ ನಂಬಿಲ್ಲ ಅಂತ ಅರ್ಥ. ಪಂಚರು ಕೂತು ಮಾತಾಡೂತನಾ ಪ್ರಭುಭೋಜನಕ್ಕ ನೀವು ಬರಬ್ಯಾಡ್ರಿ.”

ಕೋಟು ಬಿಟ್ಟು ಹೊರಟುಹೋದರು. ನಾನು ಮೇಜಿನ ಕೆಳಗೆ ಕೂತಿದ್ದೆ. ಆ ಕಾಲುಗಳು ಹೋಗುವುದು ಕಾಣಿಸಿತು. ಅಪ್ಪ ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ಸುಟ್ಟಿತು.

ಮರುದಿನ ಸಭೆಯವರಿಂದ ಅವ್ವನಿಗೆ ಒಂದು ಮಾತು ಬಂತು. ದೇವಾಲಯದಲ್ಲಿ ಯೇಸುಸ್ವಾಮಿಯ ನೆನಪಿಗೆ ರೊಟ್ಟಿ ಮುರಿದು ಹಂಚುವ ಪ್ರಭುಭೋಜನದ ಮೇಜಿಗೆ ಹಾಸುವ ಬಿಳಿಯ ಬಟ್ಟೆಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವವಳು ಅವ್ವ. ಲಗ್ನವಾಗಿ ಬಂದಾಗಿನಿಂದ ಆ ಕೆಲಸ ಅವಳದು. ಸಭೆಯಲ್ಲಿ ಅವಳಿಗಿದ್ದ ಸ್ಥಾನವೆಂದರೆ ಅದೊಂದೇ. ಈ ಈಸ್ಟರಿಗೆ ಬೇರೆ ಮನೆಯವರು ಒಗೆಯುತ್ತಾರೆ, ಬಟ್ಟೆ ತಿರುಗಿ ಕೊಡಬೇಕು ಎಂದು ಹೇಳಿ ಕಳಿಸಿದ್ದರು. ಬಟ್ಟೆ ಆಗಲೇ ಇಸ್ತ್ರಿಯಾಗಿ ಟ್ರಂಕಿನಲ್ಲಿತ್ತು. ಅವ್ವ ಟ್ರಂಕಿನ ಮೇಲೆ ಕೂತುಬಿಟ್ಟಳು.

“ನಾ ಕೊಡಂಗಿಲ್ಲ” ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿ, “ನಿಮ್ಮ ಅಳತಿ ಚೀಟಿ ಸಲುವಾಗಿ ನನ್ನ ಬಟ್ಟಿ ಹೋತು ನೋಡ್ರಿ” ಅಂದಳು.

ಅಪ್ಪ ಆ ದಿನ ಮಷಿನ್ನು ತುಳಿಯಲಿಲ್ಲ. ಸಂಜೆ ಪಾಳಕ ಸಾಹೇಬರ ಮನೆಗೆ ಹೋದ. ಪಾಳಕರೆಂದರೆ ನಮ್ಮ ಸಭೆಯ ಬೋಧಕರು. ಹೋಗಿ ಹೇಳಿದ್ದು ಇಷ್ಟೇ: ಗುರುವಾರ ನಮ್ಮ ಮನೆಗೆ ಬನ್ನಿ, ಮೊದಲಿನಿಂದ ಕಡೆಯ ತನಕ ಕೂತು ನೋಡಿ, ಅದರಲ್ಲಿ ಯೇಸುಸ್ವಾಮಿ ಇಲ್ಲದ ಒಂದು ತುತ್ತು ಕಂಡರೂ ಬಟ್ಟೆ ನಾನೇ ತಂದು ಕೊಡುತ್ತೇನೆ. ಪಾಳಕರು ಒಪ್ಪಿದರು. ನೆಹೆಮೀಯ ಕಾಕಾನನ್ನೂ ಕರೆತರುತ್ತೇನೆಂದರು.

ಗುರುವಾರ ಹೊತ್ತು ಮುಳುಗುವಾಗ ಇಬ್ಬರೂ ಬಂದರು. ನಡುಕೋಣೆಯಲ್ಲಿ ಚಾಪೆ ಹಾಸಿತ್ತು. ನಡುವೆ ರೊಟ್ಟಿಯ ಬುಟ್ಟಿ, ಬೇವಿನ ತಟ್ಟೆ, ಶರಬತ್ತಿನ ತಂಬಿಗೆ, ಮುರಿಯದ ಎಲುಬಿನ ಮಾಂಸ. ಪಾಳಕರು ಚಾಪೆಯ ಮೇಲೆ ಕೂತರು. ಕಾಕಾ ಸ್ಟೂಲು ಕೇಳಿ ಪಡೆದು ಗೋಡೆಗೆ ಒರಗಿ ಕೂತರು, ಉಣ್ಣಲು ಬಂದವರಲ್ಲ ನೋಡಲು ಬಂದವರು ಎಂಬ ಹಾಗೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಕೇಳಬೇಕಿತ್ತು.

ನಾನು ಅಪ್ಪನ ಕಿವಿಯತ್ತ ಬಾಗಿದೆ. ಕಾಕಾ ಸ್ಟೂಲಿನಿಂದಲೇ ಅಂದರು:

“ಕಿವ್ಯಾಗ ಏನ ಹೇಳಾಕತ್ತೈತಿ ಕೂಸು? ಕಲಿಸಿಕೊಟ್ಟ ಮಾತು ನೆನಪ ಮಾಡಿಕೊಳ್ಳಾಕತ್ತೈತೇನು?”

ನಾನು ಹಿಂದೆ ಸರಿದೆ. ಅವ್ವ ಬಾಗಿಲಿಂದ, “ರೀ, ನೀವ ಶುರು ಮಾಡ್ರಿ, ಅದಕ ಆಗಂಗಿಲ್ಲ” ಅಂದಳು. ದಾನಿಯೇಲ, “ನಾ ಕೇಳಲೇನ್ ಅಪ್ಪಾ?” ಅಂದ.

ಅಪ್ಪ ಇಬ್ಬರಿಗೂ ತಲೆ ಅಲ್ಲಾಡಿಸಿದ. ಹೆಂಡತಿಯ ಬಟ್ಟೆ, ಸಭೆಯಲ್ಲಿ ತನ್ನ ಮಾನ, ಎಲ್ಲ ಅಲ್ಲಿ ಚಾಪೆಯ ಮೇಲೆ ಇದ್ದವು. ಆದರೂ ಅವನು ಅಂದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ:

“ಕೇಳಾಕಿ ಆಕಿ. ಆಕಿ ಕೇಳೂತನಾ ನಾ ಬಾಯಿ ತೆಗಿಯಂಗಿಲ್ಲ. ಆರಲಿ ಊಟ.”

ಎಷ್ಟು ಹೊತ್ತು ಹೋಯಿತೋ ತಿಳಿಯದು. ಆಯಿ ಎರಡು ಸಲ ಕೆಮ್ಮಿದಳು. ನನಗೆ ಆ ಕಲಿತ ಮಾತು ಬಾಯಿಗೆ ಬಂತು, ಆದರೆ ಕಾಕಾ ಅದನ್ನು ಆಗಲೇ ಕಲಿಸಿಕೊಟ್ಟದ್ದು ಎಂದಿದ್ದರಿಂದ ಅದನ್ನು ಬಿಟ್ಟೆ. ನನ್ನೊಳಗೆ ಬೇರೊಂದು ಪ್ರಶ್ನೆ ಇತ್ತು. ಪ್ರತಿ ವರ್ಷ ಅಪ್ಪನ ಕಿವಿಗೆ ಬಾಗಿದಾಗ ಬರುತ್ತಿತ್ತು, ನಾಚಿಕೆಯಿಂದ ನುಂಗಿಬಿಡುತ್ತಿದ್ದೆ. ನನ್ನಂಥವರು ಇನ್ನೊಬ್ಬರು ಇದ್ದರೇ ಎಂದು ತಿಳಿಯುವ ಆಸೆ ಅದು. ನಾನು ಪಾಳಕರ ಮುಖ ನೋಡಲಿಲ್ಲ, ರೊಟ್ಟಿಯ ಬುಟ್ಟಿ ನೋಡುತ್ತಾ ಕೇಳಿದೆ. ದನಿ ಸೀಳಿ ಬಂತು.

“ಯೇಸುಸ್ವಾಮಿ ಈ ಊಟಕ್ಕ ಕೂತಾಗ, ಕೇಳೂ ಕೂಸು ಯಾರಿತ್ರಿ?”

ಅಪ್ಪ ನನ್ನತ್ತ ತಿರುಗಿದ. ಇದು ಅವನು ಕಲಿಸಿದ್ದಲ್ಲವೆಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಪಾಳಕರು ಕನ್ನಡಕ ತೆಗೆದರು.

“ಬರದಿಲ್ಲವ್ವ” ಅಂದರು. “ಆದ್ರ ಪಸ್ಕದ ಊಟಂದ್ರ ಯಾರರೆ ಕೇಳಿರಬೇಕು. ಹನ್ನೆರಡು ಮಂದಿ ಶಿಷ್ಯರಾಗ ಯೋಹಾನ ಎಲ್ಲಾರಕಿಂತ ಸಣ್ಣಾಂವ ಅಂತಾರ. ಸ್ವಾಮಿಯ ಮಗ್ಗಲದಾಗ ಕೂತಾಂವ. ಕೇಳಿದಾಂವ ಅವನ ಇರಬೇಕು.”

ಸ್ವಾಮಿಯ ಮಗ್ಗುಲಲ್ಲಿ. ನಾನು ಅಪ್ಪನ ಮಗ್ಗುಲಲ್ಲಿ ಕೂತಂತೆ. ಒಂದು ಸಲ ತೆರೆದ ಬಾಯಿ ಮುಚ್ಚಲಿಲ್ಲ.

“ಅಂವ ಕೇಳಿದ್ದಕ್ಕ ಸ್ವಾಮಿ ಏನ ಹೇಳಿದ್ರಿ?”

ಪಾಳಕರ ಕೈ ತಾನಾಗಿಯೇ ಬುಟ್ಟಿಯೊಳಗಿನ ರೊಟ್ಟಿಯ ಕಡೆ ಹೋಯಿತು. ಒಂದನ್ನು ಎತ್ತಿ ಹಿಡಿದುಕೊಂಡರು.

“ರೊಟ್ಟಿ ತಗೊಂಡು ಮುರದ್ರವ್ವ. ಇದು ನಿಮಗೋಸ್ಕರ ಕೊಡೂ ನನ್ನ ದೇಹ ಅಂದ್ರು.” ಆಮೇಲೆ ತಮಗೇ ಹೇಳಿಕೊಂಡ ಹಾಗೆ, “ಇಷ್ಟ ವರ್ಷ ಪ್ರಭುಭೋಜನ ಕೊಟ್ಟೇನಿ. ಅದು ಕೂಸಿನ ಮಾತಿಗೆ ಸಿಕ್ಕ ಉತ್ತರ ಇದ್ದೀತು ಅಂತ ಅಂದುಕೊಂಡಿರಲಿಲ್ಲ” ಅಂದರು.

ಕಾಕಾ ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದರು. ಅವರು ಕೆಟ್ಟವರಲ್ಲ, ಮಕ್ಕಳೇ. ತಮ್ಮ ಅಪ್ಪ ಪೆಟ್ಟು ತಿಂದು ಬಿಟ್ಟುಬಂದದ್ದು ಹಿಂಬಾಗಿಲಿಂದ ತಿರುಗಿ ಬಂದೀತೆಂಬ ಹೆದರಿಕೆ ಅವರಿಗೆ. ಕಡೆಗೆ ಎದ್ದು, ಸ್ಟೂಲನ್ನು ತಾವೇ ಬದಿಗೆ ಸರಿಸಿ, ಮೊಣಕಾಲು ಹಿಡಿದುಕೊಂಡು ಪಾಳಕರ ಪಕ್ಕ ಚಾಪೆಯ ಮೇಲೆ ಕೂತರು.

“ದಾವೀದಪ್ಪ, ಕೂಸು ಕೇಳೈತಿ. ಹೇಳು ಮತ್ತ. ನನಗೂ ಹಸಿವಾಗೇತಿ.”

ಅಪ್ಪ ಹೇಳಿದ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಹೇಳಿರಲಿಲ್ಲ. ಐಗುಪ್ತ, ಕುರಿಮರಿ, ಬಾಗಿಲ ಗುರುತು, ಕೆಂಪು ಸಮುದ್ರ, ಒಂದೊಂದಕ್ಕೂ ಎದುರಾಗಿ ಶಿಲುಬೆಯ ಕಥೆ. ಎರಡು ಬಟ್ಟೆ ಸೇರಿಸಿ ಹೊಲಿದಂತೆ ಹೇಳಿದ. ನಾನು ನಡುನಡುವೆ ಕೇಳುತ್ತಲೇ ಇದ್ದೆ. ಬೇವು ಯಾಕೆ, ನಿಂತು ಯಾಕೆ ಉಂಡರು, ಕೂಸುಗಳನ್ನು ಯಾರು ಎತ್ತಿಕೊಂಡರು. ಕಡೆಗೆ ಆಯಿ, “ಸಾಕ ಮಾಡ ನಮ್ಮವ್ವ, ಒಂಬತ್ತ ವರ್ಷದ್ದು ಒಂದ ದಿನ ತೀರಸ್ತೀಯೇನ?” ಅಂದಾಗ ಕಾಕಾ ನಕ್ಕರು. ಬೇವು ಅಗಿಯುತ್ತಿದ್ದ ಬಾಯಿ, ಕಹಿಗೆ ಸೊಟ್ಟಗಾಗಿ, ನಗುವೂ ಸೊಟ್ಟಗೇ ಬಂತು.

ಹೊರಡುವಾಗ ಕಾಕಾ ಬೀದಿಬಾಗಿಲಲ್ಲಿ ನಿಂತು, “ಈ ಕೈ ಒಳಗಿನ ಬಾಗಲಕ ಇರಲಿ. ಹೊರಗಿನವರಿಗೆ ಅರ್ಥ ಆಗಂಗಿಲ್ಲ, ನನಗ ಆಗಿರಲಿಲ್ಲ” ಅಂದರು. ಅಪ್ಪ “ಆತ್ರಿ” ಅಂದ. ಆಮೇಲೆ ಕಾಕಾ ಅಡುಗೆಮನೆಯ ತನಕ ಕೇಳುವಂತೆ ದನಿ ಎತ್ತಿದರು:

“ಮಾರ್ಥವ್ವ, ಆ ಬಟ್ಟಿಗೆ ಗಂಜಿ ಹಾಕೂದು ಬ್ಯಾರೇದವರಿಗೆ ತಿಳ್ಯಾಂಗಿಲ್ಲ. ನೀನ ತಗೊಂಡ ಬಾ.”

ಅವ್ವ ತನ್ನ ಅಳು ಹೊರಗೆ ಕೇಳಿಸಬಾರದೆಂದು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಮಕ್ಕಳೇ, ನಾನು ಶಹಾಪುರಕ್ಕೆ ಸೊಸೆಯಾಗಿ ಬಂದ ಮೇಲೆ, ನಿಮ್ಮ ಅಜ್ಜ ತೀರಿಕೊಂಡ ಮೇಲೆ, ದೊಡ್ಡ ಮಾತು ಆಡಬೇಕಾದ ಎಷ್ಟೋ ಕಡೆ ನಾನು ಸುಮ್ಮನೆ ಕೂತಿದ್ದೇನೆ. ಆದರೆ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಡಾಕ್ಟರರನ್ನು, ನಿಮ್ಮ ಶಾಲೆಯಲ್ಲಿ ಗುರುಗಳನ್ನು, ಗೊತ್ತಿಲ್ಲದ್ದನ್ನು ಕೇಳದೆ ಎದ್ದುಬಂದವಳಲ್ಲ. ಉಪದೇಶ ಮಾಡಲು ನನಗೆ ಬಾರದು. ಕೇಳಲು ಬರುತ್ತದೆ. ನನ್ನ ಅಪ್ಪ ಎಲ್ಲವನ್ನೂ ಪಣಕ್ಕಿಟ್ಟು, ಊಟ ಆರಿದರೂ ಆರಲಿ ಎಂದು ನನ್ನ ಬಾಯಿಗಾಗಿ ಕಾದ. ಅಂಥವನ ಮಗಳು ನಾನು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುವುದಿಲ್ಲ.

ಆ ಈಸ್ಟರಿನ ಬೆಳಿಗ್ಗೆ ನಾವು ಎಲ್ಲರಿಗಿಂತ ಮೊದಲು ದೇವಾಲಯಕ್ಕೆ ಹೊರಟೆವು. ಯಾವಾಗಲೂ ಅಪ್ಪ ಮುಂದೆ, ಅವ್ವ ನಾಲ್ಕು ಹೆಜ್ಜೆ ಹಿಂದೆ. ಆ ದಿನ ಅವ್ವ ಮುಂದೆ. ಎರಡೂ ಅಂಗೈ ಮೇಲೆ ಬಟ್ಟೆಯನ್ನು ಹಿಡಿದುಕೊಂಡು, ಮಡಿಕೆ ಕೆಡದಂತೆ ಬೀದಿಯ ನಡುವೆಯೇ ನಡೆದಳು. ಅಪ್ಪ ಹಿಂದೆ ಬಂದ. ಮೂಲೆಯ ಕಿರಾಣಿ ಅಂಗಡಿಯ ಅಕ್ಕ ಅಂಗಳಕ್ಕೆ ನೀರು ಹಾಕುತ್ತಿದ್ದವರು ಚರಿಗೆ ಹಿಡಿದು ನಿಂತರು.

“ಏನ್ರಿ ಮಾರ್ಥವ್ವ, ಇಷ್ಟ ಲಗೂನ ಎಲ್ಲಿಗೆ ಹೊಂಟೀರಿ?”

ಅವ್ವ ಬಾಯಿ ತೆರೆಯುವ ಮೊದಲೇ ಯಾರೋ ಬೀದಿ ತುಂಬ ಕೇಳುವಂತೆ ಹೇಳಿಬಿಟ್ಟರು. ಅದು ನಾನೇ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು.

“ಸ್ವಾಮಿಯ ಮೇಜಿಗೆ ಬಟ್ಟಿ ಹಾಸಾಕ ಹೊಂಟೇವ್ರಿ! ನಮ್ಮವ್ವ ಒಗದದ್ದು!”